ಮಾಡಿಫೈ ಮಾಡಿದ ಟರ್ಬೊ ಕಾರಿನ ಇನ್‌ಟೇಕ್ ಕಡೆಯಿಂದ ಸದ್ದು ಬಂದರೆ

ಸಕಲೇಶಪುರದಿಂದ ವಾಪಸ್ ಬರುವಾಗ, ಹಾಸನ ದಾಟಿದ ಮೇಲೆ, ನನ್ನ ಕಾರು ಊಳಿಡಲು ಶುರು ಮಾಡಿತು. ಊದಿದ ಬಲೂನಿನ ಬಾಯನ್ನು ಎರಡೂ ಕಡೆ ಹಿಡಿದೆಳೆದು ಗಾಳಿ ಬಿಟ್ಟರೆ ಬರುತ್ತದಲ್ಲ, ಆ 'ಊಂಯ್ಯ್' ಸದ್ದು. ಆಕ್ಸಿಲರೇಟರ್ ಮೆತ್ತಗೆ ಒತ್ತಿದಾಗ ಮಾತ್ರ ಬರುತ್ತಿತ್ತು. ಪೂರ್ತಿ ತುಳಿದರೆ ಇಲ್ಲ, ಕಾಲು ತೆಗೆದರೂ ಇಲ್ಲ. ಪಕ್ಕದಲ್ಲಿದ್ದ ತಮ್ಮ "ಎಸಿ ಬ್ಲೋವರ್ ಇರಬೇಕು ಬಿಡಣ್ಣ" ಅಂದ. ಎಸಿ ಆರಿಸಿದೆ. ಊಳು ನಿಲ್ಲಲಿಲ್ಲ.

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ 230 ಅಶ್ವಶಕ್ತಿಯ ಮಾದರಿ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 350 ನ್ಯೂಟನ್ ಮೀಟರ್ ಟಾರ್ಕ್. ಕಾರ್ಖಾನೆಯಿಂದ ಬಂದಾಗ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಆಮೇಲೆ ನಾನು ರಿಮ್ಯಾಪ್ ಮಾಡಿಸಿ (ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ), ಓಪನ್ ಫಿಲ್ಟರ್ ಹಾಕಿ, ಟರ್ಬೊ ಬಾಯಲ್ಲಿದ್ದ ಮಫ್ಲರ್ ಕಿತ್ತು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದೊಡ್ಡದನ್ನು ಕೂರಿಸಿದೆ. ಇಂಟರ್‌ಕೂಲರ್ ಕೂರಿಸಿದ್ದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ, ಒಂದು ಭಾನುವಾರ, ನನ್ನದೇ ಕೈಯಿಂದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಊಳಿನ ಮೂಲ ಸಿಗಲು ನನಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಬೇಡದ ಒಂದು ಡೈವರ್ಟರ್ ವಾಲ್ವ್ ಕೊಂಡೆ, 'ಟರ್ಬೊ ಹೋಯ್ತು' ಅಂದುಕೊಂಡು ಎರಡು ರಾತ್ರಿ ನಿದ್ದೆಗೆಟ್ಟೆ. ಸರಿಯಾಗಿ ಯೋಚಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ನಾನು ಮಾಡಿದ ತಪ್ಪು ಇಷ್ಟೇ: ಸದ್ದು ಎಂಥದು ಎಂದು ಕೇಳುತ್ತಾ ಕೂತೆ. ಯಾವಾಗ ಬರುತ್ತದೆ ಎಂದು ಮೊದಲು ನೋಡಬೇಕಿತ್ತು.

ಮೂರು ಕೋಣೆಯ ಮನೆ

ಟರ್ಬೊ ಕಾರಿನಲ್ಲಿ ಗಾಳಿ ಫಿಲ್ಟರ್‌ನಿಂದ ಹೊರಟು ಇನ್‌ಲೆಟ್ ಹೋಸ್, ಟರ್ಬೊದ ಕಂಪ್ರೆಸರ್, ಇಂಟರ್‌ಕೂಲರ್, ಥ್ರಾಟಲ್ ಬಾಡಿ ದಾಟಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಸೇರುತ್ತದೆ. ಈ ದಾರಿಯಲ್ಲಿ ಎರಡು ಬಾಗಿಲು. ಒಂದು ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಇನ್ನೊಂದು ಆಕ್ಸಿಲರೇಟರ್ ಒತ್ತಿದಷ್ಟು ತೆರೆಯುವ ಥ್ರಾಟಲ್. ಹಾಗಾಗಿ ಕೋಣೆಗಳು ಮೂರು, ಒಂದೊಂದರ ಒತ್ತಡವೂ ಬೇರೆ.

ಮೊದಲ ಕೋಣೆ ಫಿಲ್ಟರ್‌ನಿಂದ ಟರ್ಬೊವರೆಗಿನದು. ಇಲ್ಲಿ ಯಾವಾಗಲೂ ಹೀರಾಟವೇ, ಅದೂ ಅಲ್ಪಸ್ವಲ್ಪ. ಇಲ್ಲಿ ತೂತಾದರೆ ಬೂಸ್ಟ್ (ಟರ್ಬೊ ಒತ್ತಿ ತುಂಬುವ ಹೆಚ್ಚುವರಿ ಒತ್ತಡ) ಬೀಳುವುದಿಲ್ಲ, ಕಾರಿನ ಓಟದಲ್ಲೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಟರ್ಬೊ ಸೀಟಿ ಮಾತ್ರ ಇದ್ದಕ್ಕಿದ್ದಂತೆ ಹತ್ತಿರದಿಂದ ಕೇಳಿಸಿದ ಹಾಗಾಗುತ್ತದೆ. ಜನ ಇದನ್ನು ಖುಷಿಯಿಂದ ಕೇಳಿಕೊಂಡು ಓಡಾಡುತ್ತಾರೆ. ಆದರೆ ಆ ತೂತಿನಿಂದ ಒಳಗೆ ಹೋಗುವ ಗಾಳಿ ಫಿಲ್ಟರ್ ಕಂಡಿರುವುದಿಲ್ಲ. ನಮ್ಮ ರಸ್ತೆಯ ದೂಳು ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಕಂಪ್ರೆಸರ್ ಚಕ್ರಕ್ಕೆ ಬಡಿದರೆ ಅದರ ಅಂಚು ಉಪ್ಪುಕಾಗದಕ್ಕೆ ಉಜ್ಜಿದಂತೆ ಸವೆಯುತ್ತದೆ.

ಎರಡನೇ ಕೋಣೆ ಟರ್ಬೊದಿಂದ ಥ್ರಾಟಲ್‌ವರೆಗಿನದು. ಕಾರು ನಿಂತು ಎಂಜಿನ್ ಸುಮ್ಮನೆ ಓಡುತ್ತಿರುವಾಗ ಇಲ್ಲಿ ಹೆಚ್ಚುಕಡಿಮೆ ಹೊರಗಿನಷ್ಟೇ ಒತ್ತಡ. ಕಾಲು ಒತ್ತಿದಾಗ ಇಲ್ಲಿ ಬೂಸ್ಟ್ ಏರುತ್ತದೆ. ಅಂದರೆ ಇಲ್ಲಿನ ಸೋರಿಕೆ ಐಡ್ಲಿಂಗ್‌ನಲ್ಲಿ ಸದ್ದು ಮಾಡಲಾರದು. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಎಂಜಿನ್ ಆನ್ ಇಟ್ಟು, ನಾಲ್ಕು ಜನ ಕಿವಿಗೊಟ್ಟು ನಿಂತರೂ ಏನೂ ಕೇಳುವುದಿಲ್ಲ. ನಿಂತಲ್ಲೇ ಆಕ್ಸಿಲರೇಟರ್ ತುಳಿದರೂ ಅಷ್ಟೇ. ಲೋಡ್, ಅಂದರೆ ಕಾರನ್ನು ಎಳೆಯುವ ಭಾರ, ಇಲ್ಲದೆ ಬೂಸ್ಟ್ ಬರುವುದಿಲ್ಲವಲ್ಲ.

ಮೂರನೆಯದು ಥ್ರಾಟಲ್ ಆಚೆಯ ಮ್ಯಾನಿಫೋಲ್ಡ್. ಐಡ್ಲಿಂಗ್‌ನಲ್ಲಿ ಇಲ್ಲಿ ಜೋರು ವ್ಯಾಕ್ಯೂಮ್, ಲೋಡ್‌ನಲ್ಲಿ ಬೂಸ್ಟ್. ಇಲ್ಲಿ ತೂತಾದರೆ ನಿಂತಲ್ಲೇ 'ಸುಯ್' ಅನ್ನುತ್ತದೆ, ಸ್ಲೋ ರನ್ನಿಂಗ್ ಏರುಪೇರಾಗುತ್ತದೆ.

ಬೂಸ್ಟ್ ಮೀಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಓಬಿಡಿ ಪೋರ್ಟಿಗೆ (ಸ್ಕ್ಯಾನರ್ ಜೋಡಿಸುವ ಸಾಕೆಟ್) ಚುಚ್ಚುವ ಸಣ್ಣ ಬ್ಲೂಟೂತ್ ರೀಡರ್ ಸಾಕು, ಮ್ಯಾನಿಫೋಲ್ಡ್ ಒತ್ತಡ ಫೋನಿನಲ್ಲೇ ಕಾಣುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸದ್ದು ಬಂದ ಕ್ಷಣದಲ್ಲಿ ಸಂಖ್ಯೆ ಎಷ್ಟಿತ್ತು ಎಂದು ಬರೆಸಿ. ಓಡಿಸುತ್ತಾ ನೀವೇ ಓದಲು ಹೋಗಬೇಡಿ. ನನ್ನ ತಮ್ಮ ಬರೆದ ಚೀಟಿ ಇನ್ನೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ: "2200ರಿಂದ 3000 ಆರ್‌ಪಿಎಂ, ಬೂಸ್ಟ್ 0.4–0.6 ಬಾರ್, ಕಾಲು ತೆಗೆದ್ರೆ ಬಂದ್." ಎರಡನೇ ಕೋಣೆ ಎಂದು ಆ ಚೀಟಿಯೇ ಹೇಳುತ್ತಿತ್ತು. ಓದುವ ಬುದ್ಧಿ ಆಗ ನನಗಿರಲಿಲ್ಲ.

ಮೊದಲು ಇದು ದೋಷವೋ, ನೀವೇ ದುಡ್ಡು ಕೊಟ್ಟು ತಂದ ಸದ್ದೋ?

ಕಾರ್ಖಾನೆಯ ಏರ್‌ಬಾಕ್ಸ್ ಗಾಳಿ ಸೋಸುವ ಜೊತೆಗೆ ಸದ್ದು ನುಂಗುವ ಕೆಲಸವನ್ನೂ ಮಾಡುತ್ತದೆ. ಅದನ್ನು ಕಿತ್ತು ಕೋನ್ ಫಿಲ್ಟರ್ ಹಾಕಿದರೆ ಹೀರುವ ಸದ್ದು, ಟರ್ಬೊ ಸೀಟಿ, ಕಾಲು ತೆಗೆದಾಗಿನ 'ಪುಸ್ಸ್' ಎಲ್ಲವೂ ಮೊದಲಿಂದಲೇ ಇದ್ದದ್ದು ಈಗ ಕೇಳಿಸುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಈ ಎರಡು ಲೀಟರ್ ಎಂಜಿನ್‌ನಲ್ಲಿ ಟರ್ಬೊದಿಂದ ಗಾಳಿ ಹೊರಬರುವ ಬಾಯಲ್ಲೊಂದು ಮಫ್ಲರ್ ಇರುತ್ತದೆ, ಸೀಟಿಯನ್ನು ಅಡಗಿಸಲೆಂದೇ ಇಟ್ಟದ್ದು. ಅದನ್ನು ತೆಗೆದು ನೇರ ಪೈಪ್ ಹಾಕಿದ ಮೇಲೆ 'ಕೀಂ' ಅನ್ನುತ್ತದೆ ಎಂದು ದೂರುವುದು, ಅಡುಗೆಮನೆ ಬಾಗಿಲು ಕಿತ್ತಿಟ್ಟು ಒಗ್ಗರಣೆ ಘಾಟು ಎಂದು ಮುಖ ಸಿಂಡರಿಸಿದ ಹಾಗೆ.

ಸೀಟಿಗೆ ಊರೂ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್, ಮಂಗಳೂರಿನಲ್ಲಿ 1010ರ ಆಸುಪಾಸು. ಮ್ಯಾನಿಫೋಲ್ಡ್‌ನಲ್ಲಿ ಒಟ್ಟು 2300 ಮಿಲಿಬಾರ್ ಬೇಕೆಂದು ರಿಮ್ಯಾಪ್ ಕೇಳಿದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.3 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.5 ಪಟ್ಟು ಒತ್ತಬೇಕು. ಅದಕ್ಕಾಗಿ ಇನ್ನಷ್ಟು ಜೋರಾಗಿ ತಿರುಗಬೇಕು, ಸೀಟಿಯ ಸ್ವರವೂ ಏರುತ್ತದೆ. ಶಿರಾಡಿ ಇಳಿದ ಮೇಲೆ ಕಾರು ಗಪ್‌ಚುಪ್ ಆಯಿತೆಂದು ಹೇಳುವವರ ಮಾತು ಸುಳ್ಳಲ್ಲ. ಇದರಿಂದ ಇನ್ನೊಂದು ಉಪಯೋಗವಿದೆ. ಎಂಜಿನ್ ಹಚ್ಚದೆ ಕೀ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಒತ್ತಡ ಓದಿ. ಬೆಂಗಳೂರಿನಲ್ಲಿ 910ರ ಹತ್ತಿರ ಇರಬೇಕು. 1000 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮುಂದಿನ ಯಾವ ಲೆಕ್ಕವನ್ನೂ ನಂಬಬೇಡಿ.

ಐಡ್ಲಿಂಗ್‌ನಲ್ಲಿ ಕೇಳುವ 'ಟಿಕಿಟಿಕಿ'ಗೆ ಹೆದರಿ ಬರುವವರೂ ಇದ್ದಾರೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನ ಇಂಧನ ಪಂಪ್, ಇಂಜೆಕ್ಟರ್‌ಗಳು, ಪೆಟ್ರೋಲ್ ಆವಿಯನ್ನು ಒಳಗೆ ಬಿಡುವ ಪರ್ಜ್ ವಾಲ್ವ್ ಇವೆಲ್ಲ ಟಿಕ್ ಅನ್ನುವ ಜಾತಿಯವೇ. ಕೋನ್ ಫಿಲ್ಟರ್ ಹಾಕಿದ ದಿನದಿಂದ ನಾವು ಬಾನೆಟ್ ಕಡೆ ಕಿವಿ ನೆಟ್ಟಿರುತ್ತೇವೆ, ಅಷ್ಟೇ.

ಸದ್ದಿನ ಜಾತಿ

'ತುತುತುತು' ಸದ್ದಿನಿಂದ ಶುರು ಮಾಡೋಣ, ಎಲ್ಲರೂ ಕೇಳುವುದು ಅದನ್ನೇ. ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚುತ್ತದೆ. ಎರಡನೇ ಕೋಣೆಯಲ್ಲಿ ತುಂಬಿದ ಗಾಳಿಗೆ ಮುಂದೆ ದಾರಿಯಿಲ್ಲ. ಅದನ್ನು ಟರ್ಬೊ ಹೀರುವ ಬಾಯಿಗೇ ವಾಪಸ್ ಬಿಡುವುದು ಡೈವರ್ಟರ್ ವಾಲ್ವಿನ ಕೆಲಸ. ವಾಲ್ವ್ ತೆರೆಯದಿದ್ದರೆ ಗಾಳಿ ಕಂಪ್ರೆಸರ್ ಚಕ್ರದ ಎಲೆಗಳ ನಡುವೆಯೇ ಹಿಂದಕ್ಕೆ ನುಗ್ಗುತ್ತದೆ, ಎಲೆಗಳು ಅದನ್ನು ಕಡಿದು ಕಡಿದು ಬಿಡುತ್ತವೆ. ಆ ಕಡಿತದ ಸದ್ದೇ 'ತುತುತು'. ಬೇರೆ ಕಂಪನಿಯ ಬ್ಲೋ-ಆಫ್ ವಾಲ್ವ್ ಹಾಕಿದವರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಗಟ್ಟಿಯಾದ ಸ್ಪ್ರಿಂಗ್, ಇಲ್ಲವೇ ವಾಲ್ವಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಹೋಸ್ ಸೀಳಿರುವುದು ಅಥವಾ ತಪ್ಪು ಜಾಗದಿಂದ ತೆಗೆದಿರುವುದು. ಆ ಹೋಸ್ ಥ್ರಾಟಲ್ ಆಚೆಯಿಂದ, ಅಂದರೆ ಮೂರನೇ ಕೋಣೆಯಿಂದಲೇ ಬರಬೇಕು. ಬೂಸ್ಟ್ ಮೀಟರ್, ವಾಲ್ವ್, ಮತ್ತೊಂದು ಎಂದು ಒಂದೇ ಹೋಸಿಗೆ ಮೂರು ಟಿ ಜೋಡಿಸಿದ್ದರೆ ವಾಲ್ವಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಸಣ್ಣ ಬೂಸ್ಟ್‌ನಲ್ಲಿ ಕಾಲು ತೆಗೆದಾಗ ಒಂದೆರಡು 'ತುತು' ಬಂದರೆ ಟರ್ಬೊ ನಾಳೆಯೇ ಸಾಯುವುದಿಲ್ಲ. ಇದನ್ನು ಹಿಡಿದುಕೊಂಡು ಜಗಳವಾಡುವವರನ್ನು ಕಂಡರೆ ನನಗೆ ಬೇಸರ. ಹೆದರಬೇಕಾದದ್ದು ಇನ್ನೊಂದಕ್ಕೆ. ಕಾಲು ಒತ್ತಿರುವಾಗಲೇ, ಕಡಿಮೆ ಆರ್‌ಪಿಎಂನಲ್ಲಿ, ಮೇಲಿನ ಗೇರಿನಲ್ಲಿ, 'ಗುಡುಗುಡು' ಎಂದು ಕಾರು ಮಿಡಿದು ಬೂಸ್ಟ್ ಮುಳ್ಳು ನಡುಗಿದರೆ ಅದು ಲೋಡ್‌ನ ಸರ್ಜ್. ಎಂಜಿನ್ ನುಂಗಲಾರದಷ್ಟು ಗಾಳಿಯನ್ನು ಟರ್ಬೊ ತಳ್ಳುತ್ತಿದೆ. ಪ್ರತಿ ಮಿಡಿತವೂ ಥ್ರಸ್ಟ್ ಬೇರಿಂಗಿಗೆ ಒಂದು ಗುದ್ದು. ತಕ್ಷಣ ಕಾಲು ತೆಗೆಯಿರಿ, ರಿಮ್ಯಾಪ್ ಮಾಡಿದವರಲ್ಲಿಗೆ ಹೋಗಿ. ಸ್ಪ್ಯಾನರ್ ಹಿಡಿದು ಸರಿಪಡಿಸುವ ದೋಷ ಇದಲ್ಲ.

ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವಿನ ಬಗ್ಗೆ ಎರಡು ಮಾತು. ಸುಬಾರು ಡಬ್ಲ್ಯುಆರ್‌ಎಕ್ಸ್‌ನಂತೆ ಫಿಲ್ಟರ್ ಪಕ್ಕದಲ್ಲೇ ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ, ಅಳೆದು ಲೆಕ್ಕ ಬರೆದ ಗಾಳಿಯನ್ನು ನೀವು ಹೊರಗೆ ಚೆಲ್ಲುತ್ತೀರಿ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಆ ಲೆಕ್ಕಕ್ಕೇ ಪೆಟ್ರೋಲ್ ಸುರಿಯುತ್ತದೆ. ಗೇರ್ ಬದಲಿಸುವಾಗ ಮುಗ್ಗರಿಸುವುದು, ಸೈಲೆನ್ಸರ್‌ನಲ್ಲಿ 'ಪಟ್' ಅನ್ನುವುದು ಅದರಿಂದ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಸಿಗ್ನಲ್‌ನಲ್ಲಿ 'ಪುಸ್ಸ್' ಅನ್ನಿಸುವ ಮುಂಚೆ ಪಕ್ಕದಲ್ಲಿ ಬಿಳಿ ಟೋಪಿ ಇದೆಯೇ ನೋಡಿಕೊಳ್ಳಿ.

ಲೋಡ್‌ನಲ್ಲಿ ಒಂದೇ ಸಮನೆ 'ಶ್ಶ್' ಎನ್ನುತ್ತಾ ಎಳೆತ ಕುಂದಿದರೆ ಎರಡನೇ ಕೋಣೆಯ ತೆರೆದ ಸೋರಿಕೆ. ದೊಡ್ಡ 'ಢಬ್' ಸದ್ದಾಗಿ ಕಾರು ಸತ್ತಂತಾದರೆ ಹೋಸ್ ಪೂರ್ತಿ ಹಾರಿದೆ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಉಸಿರು ಕಟ್ಟಿದಂತಾಗಿ 'ಗೊರ್' ಅಂದರೆ ಟರ್ಬೊಗೆ ಮುಂಚಿನ ಹೋಸ್ ನೋಡಿ. ಒಳಗೆ ತಂತಿಯಿಲ್ಲದ ಅಗ್ಗದ ಸಿಲಿಕೋನ್ ಹೋಸ್ ಬಿಸಿಯಾದ ಮೇಲೆ ಮೆತ್ತಗಾಗಿ, ಎಳನೀರು ಮುಗಿದ ಮೇಲೂ ಹೀರಿದ ಕಾಗದದ ಸ್ಟ್ರಾ ಥರ ಒಳಕ್ಕೆ ಅಂಟಿಕೊಳ್ಳುತ್ತದೆ. ಕಾರು ನಿಲ್ಲಿಸಿ ನೋಡುವಷ್ಟರಲ್ಲಿ ಅದು ಮತ್ತೆ ದುಂಡಗಾಗಿರುತ್ತದೆ, ಹಾಗಾಗಿ ಸಿಕ್ಕಿಬೀಳುವುದಿಲ್ಲ.

ಪೊಲೀಸ್ ಜೀಪಿನ ಸೈರನ್ ಹಾಗೆ, ಬೂಸ್ಟ್ ಜೊತೆ ಏರಿ ಇಳಿಯುವ ಸದ್ದು ಬಂದರೆ ಟರ್ಬೊವನ್ನೇ ನೋಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಐಡ್ಲಿಂಗ್‌ನಲ್ಲೇ ಊಳಿಟ್ಟರೆ

ಇದಕ್ಕೆ ನನ್ನ ಸ್ನೇಹಿತನ ಕಾರೇ ಉದಾಹರಣೆ. ಅದೂ ಟರ್ಬೊ ಪೆಟ್ರೋಲ್, ಲಕ್ಷ ಕಿಲೋಮೀಟರ್ ಓಡಿದ್ದು. ಕಾರು ನಿಂತಿದ್ದರೂ ಎಂಜಿನ್ ಕಡೆಯಿಂದ ಖಾಲಿ ಸೋಡಾ ಬಾಟಲಿಗೆ ಊದಿದ ಹಾಗೆ 'ಹೂಂ' ಎಂಬ ಸದ್ದು. ಅವನು ಇನ್‌ಟೇಕ್ ಪೈಪ್‌ಗಳನ್ನೆಲ್ಲ ಬಿಚ್ಚಿ ಕೂಡಿಸಿದ್ದ.

ಎಂಜಿನ್ ಓಡುತ್ತಿರುವಾಗ ಡಿಪ್‌ಸ್ಟಿಕ್ಕನ್ನು ಅರ್ಧ ಇಂಚು ಮೇಲೆಳೆದೆವು. ಸದ್ದು ಕತ್ತರಿಸಿದಂತೆ ನಿಂತಿತು. ಒಳಗೆ ತಳ್ಳಿದೆವು, ಮತ್ತೆ 'ಹೂಂ'. ಆಯಿಲ್ ಮುಚ್ಚಳ ತಿರುಗಿಸಿ ಎತ್ತಲು ಹೋದರೆ ಒಳಗಿನಿಂದ ಯಾರೋ ಹಿಡಿದೆಳೆಯುತ್ತಿದ್ದಾರೆ ಅನ್ನುವಷ್ಟು ಬಿಗಿ. ಎಂಜಿನ್ ಒಳಗಿನ ಹೊಗೆಯ ಎಳೆತವನ್ನು ಹದದಲ್ಲಿಡುವ ಪಿಸಿವಿ ವಾಲ್ವಿನೊಳಗಿನ ರಬ್ಬರ್ ಪೊರೆ ಹರಿದಿತ್ತು. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಹದವಾಗಿ ಎಳೆಯಬೇಕಾದ ಮ್ಯಾನಿಫೋಲ್ಡ್ ತನ್ನ ಪೂರ್ತಿ ವ್ಯಾಕ್ಯೂಮ್‌ನಿಂದ ಎಳೆಯುತ್ತಿತ್ತು. ಪೊರೆಯ ಸೀಳಿನಿಂದಲೋ ಎಂಜಿನ್ನಿನ ಆಯಿಲ್ ಸೀಲಿನ ಅಂಚಿನಿಂದಲೋ ನುಗ್ಗುವ ಗಾಳಿ ಪೀಪಿ ಊದುತ್ತಿತ್ತು. ಹಾಗೇ ಬಿಟ್ಟರೆ ಸೀಲ್ ಹಾಳಾಗುತ್ತದೆ. ಅದು ಕೂತಿರುವುದು ಗೇರ್‌ಬಾಕ್ಸ್ ಹಿಂದೆ, ಖರ್ಚು ನೀವೇ ಊಹಿಸಿ. ಪಿಸಿವಿ ಬದಲಿಸಲು ಅರ್ಧ ಗಂಟೆ ಸಾಕಾಯಿತು.

ಐಡ್ಲಿಂಗ್‌ನ 'ಸುಯ್'ಗೆ ಇನ್ನೊಂದು ಪರೀಕ್ಷೆ ಇದೆ. ಬ್ರೇಕ್ ಒತ್ತಿದಾಗ ಸದ್ದು ಬದಲಾದರೆ ಬ್ರೇಕ್ ಬೂಸ್ಟರ್ ಕಡೆ ನೋಡಿ. ವ್ಯಾಕ್ಯೂಮ್ ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಬೇಗ ಬೆಂಕಿ ಹೊತ್ತುವ ಕಾರ್ಬ್ ಕ್ಲೀನರ್ ಸಿಂಪಡಿಸುವ ಹಳೇ ಚಾಳಿ ಮಾತ್ರ ಬಿಡಿ. ಕೆಂಪಗೆ ಕಾದ ಟರ್ಬೊ ಒಂದು ಗೇಣು ದೂರದಲ್ಲಿರುತ್ತದೆ. ಒಂದು ಮೊಳ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಜಾಯಿಂಟ್ ಜಾಯಿಂಟಿಗೂ ಹಿಡಿಯುತ್ತಾ ಹೋಗುವುದು ಅದಕ್ಕಿಂತ ನಿಖರ. ಬೆಲ್ಟ್, ಫ್ಯಾನ್‌ನಿಂದ ದೂರವಿರಲಿ.

ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ಗಳಲ್ಲಿ ಪಿ0299 ಅಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ. ಪಿ0171 ಅಂದರೆ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ. ಇವೆರಡು ಕಂಡರೆ ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಕಾಣದಿದ್ದರೆ ಸೋರಿಕೆ ಇಲ್ಲ ಎಂದಲ್ಲ. ನನ್ನ ಕಾರು ಮೂರು ವಾರ ಊಳಿಟ್ಟರೂ ಒಂದೇ ಒಂದು ಕೋಡ್ ಬರಲಿಲ್ಲ. ಸೋರಿದಷ್ಟನ್ನೂ ಟರ್ಬೊ ಹೆಚ್ಚು ತಿರುಗಿ ತುಂಬಿಕೊಡುತ್ತಿತ್ತು. ಸಾಲ ಮಾಡಿ ಮನೆ ನಡೆಸುವ ಯಜಮಾನನ ಹಾಗೆ, ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ.

ಕೋಡಿಗಿಂತ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಲೆಕ್ಕ, ಹೆಚ್ಚು ಮಾತಾಡುತ್ತದೆ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಟ್ರಿಮ್ +10 ಶೇಕಡಾ ದಾಟಿದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಇಳಿದರೆ ಮೂರನೇ ಕೋಣೆಯಲ್ಲಿ ತೂತು. ತೂತಿನ ಅಳತೆ ಅಷ್ಟೇ ಇರುತ್ತದೆ, ಒಟ್ಟು ಗಾಳಿ ಹೆಚ್ಚಾದ ಹಾಗೆ ಅದರ ಪಾಲು ಕಡಿಮೆಯಾಗುತ್ತದೆ. ಲೋಡ್‌ನಲ್ಲಿ ಟ್ರಿಮ್ ಮೈನಸ್ಸಿಗೆ ಹೋದರೆ ಅಳೆದ ಗಾಳಿ ಹೊರಗೆ ಹೋಗುತ್ತಿದೆ ಎಂದರ್ಥ, ಅಂದರೆ ಎರಡನೇ ಕೋಣೆ. ಮ್ಯಾನಿಫೋಲ್ಡ್ ಒತ್ತಡದಿಂದ ಗಾಳಿಯ ಲೆಕ್ಕ ಹಾಕುವ ಕಾರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಎಲ್ಲಿಂದ ಬಂದ ಗಾಳಿಯಾದರೂ ಒತ್ತಡದ ಲೆಕ್ಕಕ್ಕೆ ಸಿಗುತ್ತದೆ, ಟ್ರಿಮ್ ಏನೂ ಅರಿಯದಂತೆ ಕೂತಿರುತ್ತದೆ. ಅಂಥ ಕಾರಿನಲ್ಲಿ ಇಸಿಯು ಕೇಳಿದ ಬೂಸ್ಟ್ ಎಷ್ಟು, ನಿಜಕ್ಕೂ ಬಂದದ್ದೆಷ್ಟು, ವೇಸ್ಟ್‌ಗೇಟ್ (ಎಕ್ಸಾಸ್ಟ್ ಗಾಳಿಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ಎಷ್ಟು ಮುಚ್ಚಿದೆ, ಈ ಮೂರನ್ನು ಒಟ್ಟಿಗೆ ಲಾಗ್ ಮಾಡಿ. ಬೂಸ್ಟ್ ಸರಿ ಇದ್ದೂ ವೇಸ್ಟ್‌ಗೇಟ್ ಮೊದಲಿಗಿಂತ ಹೆಚ್ಚು ಮುಚ್ಚಿಕೊಂಡಿದ್ದರೆ ಟರ್ಬೊ ಎಲ್ಲೋ ದಂಡ ಕಟ್ಟುತ್ತಿದೆ. ಹೋಲಿಸಲು ಕಾರು ಚೆನ್ನಾಗಿದ್ದ ದಿನದ ಲಾಗ್ ಬೇಕು. ಮಾಡಿಫೈ ಮಾಡಿಸಿದ ವಾರವೇ ಒಂದು ತೆಗೆದಿಡಿ.

ಎಂಜಿನ್ ಪಂಕ್ಚರ್

ಕೊನೆಗೆ ಮಾತು ನಿಲ್ಲುವುದು ಒತ್ತಡದ ಪರೀಕ್ಷೆಗೆ. ಬೇಕಾದದ್ದು ಇಷ್ಟೇ: ಇನ್‌ಲೆಟ್ ಹೋಸಿನ ಬಾಯಿಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್, ಪಂಕ್ಚರ್ ಅಂಗಡಿಯಿಂದ ಒಂದು ಟ್ಯೂಬ್‌ಲೆಸ್ ಟೈರ್ ವಾಲ್ವ್, ಒಂದು ಕ್ಲ್ಯಾಂಪ್, ಸೋಪಿನ ನೀರು. ಕ್ಯಾಪಿನ ನಡುವೆ ತೂತು ಕೊರೆದು ವಾಲ್ವನ್ನು ಎಳೆದು ಕೂರಿಸಬೇಕು. ಫಿಲ್ಟರ್ ತೆಗೆದು ಆ ಜಾಗಕ್ಕೆ ಕ್ಯಾಪ್ ಹಾಕಿ ಬಿಗಿಯಬೇಕು. ಎಂಜಿನ್ ಆಫ್ ಇರಬೇಕು, ತಣ್ಣಗಿರಬೇಕು. ಕ್ರ್ಯಾಂಕ್‌ಕೇಸಿನಿಂದ ಇನ್‌ಲೆಟ್‌ಗೆ ಬರುವ ಬ್ರೀದರ್ ಪೈಪನ್ನು ಕಳಚಿ ಎರಡೂ ಬಾಯಿ ಮುಚ್ಚಬೇಕು, ಆಯಿಲ್ ಮುಚ್ಚಳ ಸಡಿಲ ಮಾಡಿಡಬೇಕು. ಇಲ್ಲದಿದ್ದರೆ ಗಾಳಿ ಕ್ರ್ಯಾಂಕ್‌ಕೇಸಿಗೆ ತುಂಬಿ ಆಯಿಲ್ ಸೀಲ್‌ಗಳನ್ನು ಹೊರಗೆ ನೂಕುತ್ತದೆ.

ನಾವು ಮೊದಲು ಸೈಕಲ್ ಪಂಪ್ ಹಿಡಿದೆವು. ತಮ್ಮ ಬೆವರು ಸುರಿಸಿ ಹೊಡೆದ, ಒತ್ತಡ ಏರಲೇ ಇಲ್ಲ. ಎಂಜಿನ್ ನಿಂತ ಭಂಗಿಯಲ್ಲಿ ಯಾವುದೋ ಸಿಲಿಂಡರಿನ ಎರಡೂ ವಾಲ್ವ್ ಅರೆ ತೆರೆದಿದ್ದರೆ ಗಾಳಿ ನೇರ ಸೈಲೆನ್ಸರಿಗೆ ಹೋಗುತ್ತದೆ. ಕ್ರ್ಯಾಂಕ್ ಪುಲ್ಲಿ ಬೋಲ್ಟನ್ನು ಅದು ಸುತ್ತುವ ದಿಕ್ಕಿಗೇ ಸ್ವಲ್ಪ ತಿರುಗಿಸಿದ ಮೇಲೆ ಆ ಸೋರಿಕೆ ಕಡಿಮೆಯಾಯಿತು. ಆದರೂ ಪಂಪಿನ ಕೈಲಾಗಲಿಲ್ಲ. ಬೀದಿ ಕೊನೆಯ ಟೈರ್ ಅಂಗಡಿಯ ಹುಡುಗನನ್ನು ಅವನ ಸಣ್ಣ ಕಂಪ್ರೆಸರ್ ಸಮೇತ ಕರೆತಂದೆವು.

"ಸಾರ್, ಯಾವ ಟೈರು?"

"ಟೈರಲ್ಲಪ್ಪ, ಎಂಜಿನ್‌ಗೆ ಗಾಳಿ ತುಂಬಬೇಕು."

ಅವನು ಬಾನೆಟ್ ಒಳಗೆ ಬಗ್ಗಿ ನೋಡಿದ. "ಎಂಜಿನ್ ಪಂಕ್ಚರಾ ಸಾರ್?"

ಮೂರು ವಾರದಲ್ಲಿ ನನ್ನ ಕಾರಿನ ದೋಷವನ್ನು ಸರಿಯಾಗಿ ಹೆಸರಿಸಿದ ಮೊದಲ ಮನುಷ್ಯ ಅವನೇ.

5 ಪಿಎಸ್‌ಐಗೆ ನಿಲ್ಲಿಸಿ ಕಿವಿಗೊಟ್ಟೆವು. ಏನಿಲ್ಲ. ನಿಧಾನಕ್ಕೆ 10ಕ್ಕೆ ಏರಿಸಿದ. ಬಹುತೇಕ ಸೋರಿಕೆಗಳು ಅಷ್ಟರಲ್ಲೇ ಬಾಯಿ ಬಿಡುತ್ತವೆ, 15ರ ಮೇಲೆ ನಾನಂತೂ ಹೋಗುವುದಿಲ್ಲ. ಕ್ಯಾಪಿನ ಎದುರಿಗೆ ಮುಖ ಇಟ್ಟು ನಿಲ್ಲಬಾರದು, ಹಾರಿದರೆ ಹಲ್ಲು ಹೋಗುತ್ತದೆ. ಮೇಲಿನ ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಸಿಂಪಡಿಸಿದೆ. ಗುಳ್ಳೆ ಇಲ್ಲ. ಹೊಸ ಡೈವರ್ಟರ್ ವಾಲ್ವ್ ಒಣಗಿದ ಹಾಗೇ ಕೂತಿತ್ತು, ಹಳೆಯದೂ ಹಾಗೇ ಕೂತಿರುತ್ತಿತ್ತು. ಅಂಡರ್‌ಟ್ರೇ ಬಿಚ್ಚಿ ಕೆಳಗೆ ನುಸುಳಿದ ತಮ್ಮ "ಅಣ್ಣಾ, ಇಲ್ಲಿ ಬಾ" ಅಂದ.

ಇಂಟರ್‌ಕೂಲರ್‌ನಿಂದ ಥ್ರಾಟಲ್ ಕಡೆ ಹೊರಡುವ ಹೋಸಿನ ಕೆಳಭಾಗದಲ್ಲಿ ನೊರೆ ಉಕ್ಕುತ್ತಿತ್ತು, ಹಾಲು ಒಲೆಗೆ ಚೆಲ್ಲುವ ಮುಂಚಿನ ಹಾಗೆ. ಬೆರಳಲ್ಲಿ ನೊರೆ ಸರಿಸಿ ಟಾರ್ಚ್ ಬಿಟ್ಟೆ. ಇಂಟರ್‌ಕೂಲರ್ ಪೈಪಿನ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಅಂಚಿರುತ್ತದೆ. ಕ್ಲ್ಯಾಂಪ್ ಆ ಉಬ್ಬಿನ ಹಿಂದೆ, ಸಮತಟ್ಟಾದ ಜಾಗದಲ್ಲಿ ಕೂರಬೇಕು. ನನ್ನದು ಮೇಲ್ಗಡೆ ಸರಿಯಾಗಿ ಕೂತು, ಕಣ್ಣಿಗೆ ಕಾಣದ ಕೆಳಗಡೆ ಉಬ್ಬಿನ ಮೇಲೆಯೇ ಹತ್ತಿ ಓರೆಯಾಗಿತ್ತು. ಅಲ್ಲಿ ಸಿಲಿಕೋನ್ ತುಟಿ ಒಂದು ಉಗುರಿನಷ್ಟು ಬಿಟ್ಟುಕೊಂಡಿತ್ತು. ಹದವಾದ ಒತ್ತಡದಲ್ಲಿ ತುಟಿ ನಡುಗಿ ಊಳಿಡುತ್ತಿತ್ತು. ಪೂರ್ತಿ ತುಳಿದಾಗ ಒತ್ತಡ ಹೆಚ್ಚಾಗಿ ತುಟಿ ನಡುಗದೆ ತೆರೆದುಕೊಂಡೇ ಇರುತ್ತಿತ್ತು, ಉಳಿಯುತ್ತಿದ್ದ ಬರೀ 'ಶ್ಶ್' ಎಂಜಿನ್ ಆರ್ಭಟದಲ್ಲಿ ಮುಚ್ಚಿಹೋಗುತ್ತಿತ್ತು. ಬಲೂನಿನ ಬಾಯನ್ನು ಬಿಗಿ ಎಳೆದರೆ ಕಿರುಚುತ್ತದೆ, ಬಿಟ್ಟರೆ ಬರೀ ಗಾಳಿ.

ಮೊದಲು ವಾಲ್ವಿನ ಪಿನ್ ಒತ್ತಿ ಗಾಳಿಯನ್ನೆಲ್ಲ ಬಿಟ್ಟು, ಆಮೇಲೆ ಕ್ಯಾಪ್ ಕಳಚಿದೆವು. ಈ ಕ್ರಮ ತಪ್ಪಬೇಡಿ. ಹೋಸ್ ತೆಗೆದು, ಪೈಪಿನ ತುದಿಗೂ ಹೋಸಿನ ಒಳಗೂ ಹಿಡಿದಿದ್ದ ಆಯಿಲ್ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಜಿಡ್ಡಿದ್ದರೆ ಎಷ್ಟು ಬಿಗಿದರೂ ಸಿಲಿಕೋನ್ ಜಾರುತ್ತದೆ. ತಿರುಪಿನ ಸಾದಾ ಕ್ಲ್ಯಾಂಪ್ ಎಸೆದು ಜೆ.ಸಿ. ರಸ್ತೆಯಿಂದ ತಂದ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿದೆ. ಈ ಸಲ ಕನ್ನಡಿ ಹಿಡಿದು ಕೆಳಭಾಗ ನೋಡಿಯೇ ಬಿಗಿದೆ. ಮತ್ತೆ 10 ಪಿಎಸ್‌ಐ, ಮತ್ತೆ ಸೋಪ್ ನೀರು. ನೀರು ನೀರಾಗಿಯೇ ಇತ್ತು. ಹುಡುಗ ಪಂಕ್ಚರ್ ಹಾಕಿದಷ್ಟೇ ದುಡ್ಡು ತಗೊಂಡ.

ಟರ್ಬೊ ಬಗ್ಗೆ ಅನುಮಾನ ಉಳಿದರೆ

ಸೋರಿಕೆ ಎಲ್ಲೂ ಇಲ್ಲ, ಸೈರನ್ ಮಾತ್ರ ಇದೆ ಎಂದಾದರೆ ಎಂಜಿನ್ ಪೂರ್ತಿ ತಣಿದ ಮೇಲೆ ಇನ್‌ಲೆಟ್ ಹೋಸ್ ಬಿಚ್ಚಿ ಕಂಪ್ರೆಸರ್ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಅಕ್ಕಪಕ್ಕ ಒಂಚೂರು ಆಡಿದರೆ ಗಾಬರಿ ಬೇಡ. ಸಾದಾ ಬೇರಿಂಗಿನ ಟರ್ಬೊಗಳಲ್ಲಿ ಆಯಿಲ್ ಒತ್ತಡ ಇಲ್ಲದಾಗ ಅಷ್ಟು ಆಟ ಇದ್ದೇ ಇರುತ್ತದೆ. ಹಿಂದೆ ಮುಂದೆ ತಳ್ಳಿದಾಗ ಬೆರಳಿಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ಎಲೆಗಳ ತುದಿ ಗೋಡೆಗೆ ತಾಗಿ ಗೆರೆ ಬಿದ್ದಿದ್ದರೆ, ಓಡಿಸುವುದು ಅಲ್ಲಿಗೇ ನಿಲ್ಲಲಿ. ಪೈಪಿನಲ್ಲಿ ತೆಳ್ಳಗೆ ಆಯಿಲ್ ಪಸೆ ಇರುವುದು ಸಹಜ, ಇಂಟರ್‌ಕೂಲರ್ ಬಗ್ಗಿಸಿದಾಗ ಸುರಿಯುವಷ್ಟಿದ್ದರೆ ಅಲ್ಲ. ಎಂಜಿನ್ ಓಡುವಾಗ ತೆರೆದ ಇನ್‌ಲೆಟ್ ಹತ್ತಿರ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬೇಡಿ. ಹೋಸ್ ಮತ್ತೆ ಹಾಕುವ ಮುಂಚೆ ಒಳಗೆ ಟಾರ್ಚ್ ಬಿಡಿ, ಒರೆಸುವ ಬಟ್ಟೆ ಒಳಗೇ ಬಿಟ್ಟು ಬಿಗಿದವರುಂಟು.

ಕಡಿಮೆ ಲೋಡ್‌ನಲ್ಲಿ ಚಿಲ್ಲರೆ ಅಲುಗಿಸಿದ ಹಾಗೆ 'ಕಿಣಿಕಿಣಿ' ಎಂದರೆ ಅದು ಇನ್‌ಟೇಕ್ ಅಲ್ಲವೇ ಅಲ್ಲ. ವೇಸ್ಟ್‌ಗೇಟಿನ ಕೀಲು ಸಡಿಲಾಗಿದೆ, ಬಿಸಿಗಾಳಿಯ ಕಡೆಯ ವಿಷಯ.

ನನ್ನ ಕಾರಿಗೆ ಸುಮಾರು 300 ಕಿಲೋಮೀಟರ್ ಓಡಿದ ಮೇಲೆ ಟಿ-ಬೋಲ್ಟನ್ನು ಇನ್ನೊಮ್ಮೆ ಬಿಗಿದೆ. ಬಿಸಿ-ತಣ್ಣಗೆ ನಾಲ್ಕಾರು ಸಲ ಆದ ಮೇಲೆ ಹೊಸ ಸಿಲಿಕೋನ್ ಒಂಚೂರು ಕೂತುಕೊಳ್ಳುತ್ತದೆ, ಅರ್ಧ ಸುತ್ತು ಬಿಗಿಯಿತು. ಊಳು ಹೋಯಿತು. ಮಫ್ಲರ್ ಕಿತ್ತ 'ಕೀಂ' ಹಾಗೇ ಇದೆ, ಅದು ನಾನೇ ಕೊಂಡದ್ದು. ಈಗ ಬೆಳಗ್ಗೆ ಎಂಜಿನ್ ಹಚ್ಚಿದ ಮೊದಲ ಎರಡು ನಿಮಿಷ ಎಂಜಿನ್ನಿನ ಹಿಂಬದಿಯಿಂದ ಒಂದು 'ಟಿಕ್ ಟಿಕ್' ಶುರುವಾಗಿದೆ, ಬಿಸಿಯಾದ ಮೇಲೆ ಮಾಯ. ಬಿಸಿಗೆ ಲೋಹ ಹಿಗ್ಗಿ ಮುಚ್ಚಿಕೊಳ್ಳುವ ಎಕ್ಸಾಸ್ಟ್ ಸೋರಿಕೆಯ ಲಕ್ಷಣ ಅದು. ಟರ್ಬೊ ಹೆಡ್‌ಗೆ ಕೂರುವ ಗ್ಯಾಸ್ಕೆಟ್ ಮೇಲೆ ನನ್ನ ಅನುಮಾನ. ಮುಂದಿನ ಭಾನುವಾರ ತಮ್ಮನಿಗೆ ಬಿಡುವಿದೆಯೇ ಕೇಳಬೇಕು.